ಎದೆನೋವು ಎಂದು ಎಮರ್ಜೆನ್ಸಿಗೆ ಬಂದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು ಜಿಲ್ಲೆಯಲ್ಲಿ ಎದೆನೋವಿನ ರೋಗಿ ಒಬ್ಬರೇ ಆಸ್ಪತ್ರೆಗೆ ಬರುವುದು ಅಪರೂಪ. ಮಗ, ಅಳಿಯ, ಪಕ್ಕದ ಮನೆಯವರು, ಗಾಡಿ ತಂದವರು ಎಲ್ಲ ಸೇರಿ ನಾಲ್ಕೈದು ಮಂದಿ ಇರುತ್ತಾರೆ. ರೋಗಿ ಮಂಚದ ಮೇಲೆ ಸುಮ್ಮನೆ ಮಲಗಿರುತ್ತಾರೆ, ಪ್ರಶ್ನೆ ಕೇಳುವವರು ಇವರು. ತಾಲ್ಲೂಕು ಮಟ್ಟದ ತುರ್ತು ಚಿಕಿತ್ಸಾ ವಿಭಾಗದಲ್ಲಿ ಡ್ಯೂಟಿ ಮಾಡುವ ವೈದ್ಯನಾಗಿ ನನ್ನ ಕಿವಿಗೆ ದಿನವೂ ಬೀಳುವ ಪ್ರಶ್ನೆಗಳನ್ನು ಇಲ್ಲಿ ಬರೆದಿದ್ದೇನೆ. ಎಲ್ಲದರ ಬುಡದಲ್ಲಿರುವುದು ಒಂದೇ ಪ್ರಶ್ನೆ: "ಇಸಿಜಿ ಸರಿ ಬಂತಲ್ರೀ, ಇನ್ನೂ ಯಾಕ ಕೂಡಿಸೀರಿ?" ಹೆಚ್ಚಿನ ಜಾಗ ಅದಕ್ಕೇ ಕೊಟ್ಟಿದ್ದೇನೆ.

ಬಂದ ಕೂಡಲೇ ಇಸಿಜಿ ಮಾಡುತ್ತೀರೋ, ಮೊದಲು ಚೀಟಿ ಮಾಡಿಸಬೇಕೋ?

ಚೀಟಿ ಆಮೇಲೆ. ಎದೆನೋವಿನ ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಅದನ್ನು ವೈದ್ಯರೊಬ್ಬರು ನೋಡಿರಬೇಕು. ಹೃದಯ ತಜ್ಞರ ಮಾರ್ಗಸೂಚಿಗಳೆಲ್ಲ ಹೇಳುವುದು ಇದನ್ನೇ. ಆದ್ದರಿಂದ ಒಳಗೆ ಬರುತ್ತಿದ್ದಂತೆ ಮೊದಲ ಮಾತಿಗೇ "ಎದಿ ನೋವು" ಎಂದು ಹೇಳಿ. "ಸುಸ್ತು", "ವಾಂತಿ", "ಸಂಕಟ" ಎಂದಷ್ಟೇ ಹೇಳಿದರೆ ಹೊರರೋಗಿಗಳ ಸಾಲಿನಲ್ಲಿ ನಿಲ್ಲಿಸಿಬಿಡುವ ಸಾಧ್ಯತೆ ಇದೆ.

ಇಸಿಜಿ ತೆಗೆಯುವಾಗ ನೀವು ಮಾಡಬೇಕಾದ್ದು ಕಡಿಮೆ, ಆದರೆ ಅದು ಮುಖ್ಯ. ನಮ್ಮ ಏಪ್ರಿಲ್-ಮೇ ಸೆಕೆಯಲ್ಲಿ ಎದೆ ಬೆವರಿನಿಂದ ತೊಯ್ದಿರುತ್ತದೆ, ಎದೆಗೆ ಹಚ್ಚುವ ಆರು ಬಟ್ಟಲುಗಳು ಜಾರುತ್ತವೆ. ಸಿಸ್ಟರ್ ಒಣಬಟ್ಟೆಯಿಂದ ಒರೆಸಿ, ಬೇಕಾದರೆ ಕೂದಲು ತೆಗೆದು ಹಚ್ಚುತ್ತಾರೆ. ಒಂದು ಬಟ್ಟಲು ಎರಡು ಬೆರಳು ಮೇಲೆ ಕೂತರೂ ಗೆರೆ ಬದಲಾಗಬಹುದು. ಹೆಣ್ಣುಮಕ್ಕಳು ಕುಪ್ಪಸ ಸಡಿಲಿಸಲು ಸಂಕೋಚಪಡುವುದು ಸಹಜ. ಪರದೆ ಎಳೆಯಿರಿ, ಹೆಣ್ಣು ಸಿಬ್ಬಂದಿ ಬೇಕು ಎಂದು ಕೇಳಿ, ಅದು ನಿಮ್ಮ ಹಕ್ಕು. ಆದರೆ ಬಟ್ಟೆಯ ಮೇಲಿಂದಲೇ ಹೇಗೋ ಮುಗಿಸಿ ಎನ್ನಬೇಡಿ. ಆ ಅರ್ಧ ನಿಮಿಷ ಕೈಕಾಲು ಅಲುಗಾಡಿಸದೆ, ಮಾತಾಡದೆ ಮಲಗಿರಿ.

ಇದು ಗ್ಯಾಸೋ, ಹೃದಯದ ನೋವೋ? ಹೇಗೆ ಗೊತ್ತಾಗುತ್ತದೆ?

"ಏನಿಲ್ರೀ ಡಾಕ್ಟ್ರೇ, ಮಿರ್ಚಿ ಮಂಡಕ್ಕಿ ತಿಂದಿದ್ದೆ, ಗ್ಯಾಸ್ ಆಗ್ಯದ." ಎದೆ ಹಿಡಿದುಕೊಂಡು ಬಂದವರ ಬಾಯಲ್ಲಿ ಮೊದಲು ಬರುವ ಮಾತು ಇದು. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮನೆಯಲ್ಲಿ ಕೂತು ತೀರ್ಮಾನಿಸಲು ನಂಬಿಕಸ್ತ ಉಪಾಯ ಯಾವುದೂ ಇಲ್ಲ.

ಹೃದಯದ ಕೆಳಭಾಗಕ್ಕೆ ರಕ್ತ ಕಡಿಮೆಯಾದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು. ಜತೆಗೆ ತೇಗು, ಓಕರಿಕೆ, ವಾಂತಿ ಇರಬಹುದು. ಸೋಡಾ ಕುಡಿದು ಒಂದು ತೇಗು ಬಂದು ಹಗುರಾಯಿತು ಎಂದರೆ ಅದು ಗ್ಯಾಸೇ ಎಂದು ಹೇಳಲಾಗದು, ಏಕೆಂದರೆ ಹೃದಯದ ನೋವು ತಾನಾಗಿಯೇ ಬಂದು ಹೋಗುವುದೂ ಉಂಟು. ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ರಕ್ತನಾಳ ಹಿಗ್ಗಿಸುವ ಗುಳಿಗೆ) ಇಟ್ಟ ಮೇಲೆ ನೋವು ಹೋಯಿತು, ಹಾಗಾದರೆ ಹೃದಯದ್ದೇ ಎನ್ನುವುದೂ ತಪ್ಪು. ಅನ್ನನಾಳದ ಸೆಳೆತವೂ ಆ ಗುಳಿಗೆಗೆ ಇಳಿಯುತ್ತದೆ. ಗುಳಿಗೆಗೆ ನೋವು ಇಳಿಯಿತೋ ಇಲ್ಲವೋ ಎನ್ನುವುದನ್ನು ನಾವು ರೋಗನಿರ್ಣಯಕ್ಕೆ ಆಧಾರವಾಗಿ ಇಟ್ಟುಕೊಳ್ಳುವುದಿಲ್ಲ.

ನಾವು ಕೇಳುವುದು ಬೇರೆ ಪ್ರಶ್ನೆಗಳನ್ನು. ನೋವು ಶುರುವಾದಾಗ ಏನು ಮಾಡುತ್ತಿದ್ದಿರಿ? ನಡೆದಾಗ, ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ಬಂದು, ಕೂತಾಗ ಇಳಿಯಿತೇ? ಎಡಗೈಗೋ, ಎರಡೂ ಕೈಗೋ, ಕುತ್ತಿಗೆಗೋ, ದವಡೆಗೋ ಹಬ್ಬಿತೇ? ಬೆವರಿತೇ? ವಾಂತಿ ಆಯಿತೇ? ಇವಕ್ಕೆಲ್ಲ ಹೌದು ಎಂದರೆ ಸಂಶಯ ಬಲವಾಗುತ್ತದೆ. ಕೈಯ ಸನ್ನೆಯೂ ಒಂದಿಷ್ಟು ಹೇಳುತ್ತದೆ. ಒಂದೇ ಬೆರಳಿಂದ "ಇಲ್ಲೇ ನೋಡ್ರಿ" ಎಂದು ತೋರಿಸುವ ನೋವು, ಉಸಿರು ಎಳೆದಾಗ ಚುಚ್ಚುವ ನೋವು, ಪಕ್ಕೆಲುಬಿನ ಮೇಲೆ ಒತ್ತಿದರೆ ಹೆಚ್ಚಾಗುವ ನೋವು ಹೃದಯದ್ದಾಗಿರುವ ಸಾಧ್ಯತೆ ಕಡಿಮೆ. ಇಡೀ ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಟ್ಟು "ಒತ್ತಿ ಹಿಡಿದಂಗ ಆಗ್ಯದ್ರೀ" ಎನ್ನುವವರನ್ನು ನಾವು ಮಂಚದಿಂದ ಇಳಿಯಲು ಬಿಡುವುದಿಲ್ಲ. ಆದರೂ ಸಾಧ್ಯತೆ ಕಡಿಮೆ ಎಂದಷ್ಟೇ ಹೇಳಿದೆ, ಇಲ್ಲವೇ ಇಲ್ಲ ಎನ್ನಲಿಲ್ಲ. ಒತ್ತಿದರೆ ನೋಯುವ ಎದೆಯಲ್ಲೂ ಕೆಲವೊಮ್ಮೆ ಹೃದಯಾಘಾತ ಸಿಕ್ಕಿದೆ.

ಹೆಂಗಸರಿಗೆ, ಶುಗರ್ ಇದ್ದವರಿಗೆ ನೋವೇ ಬರುವುದಿಲ್ಲವಂತೆ, ನಿಜವೇ?

ಬರುವುದೇ ಇಲ್ಲ ಎಂದಲ್ಲ. ಹೆಂಗಸರಲ್ಲೂ ಎದೆಯ ನೋವೇ ಮುಖ್ಯ ಲಕ್ಷಣ. ಆದರೆ ಅದರ ಜತೆಗೆ ಉಸಿರು ಕಟ್ಟುವುದು, ಬೆನ್ನಿನ ಮೇಲ್ಭಾಗದ ನೋವು, ಓಕರಿಕೆ, ವಿಪರೀತ ದಣಿವು ಹೆಚ್ಚಾಗಿ ಕಾಣುತ್ತವೆ. ಹತ್ತಿ ಬಿಡಿಸಿ ಬಂದ ಅವ್ವ "ಬೆನ್ನು ಹಿಡಕೊಂಡದ, ಆಯಾಸ ಆಗ್ಯದ" ಎಂದರೆ ಮನೆಯವರಿಗೆ ಕೆಲಸದ ದಣಿವು ಎಂದೇ ಅನಿಸುತ್ತದೆ. ಅದಕ್ಕೇ ಅವರು ಗಂಡಸರಿಗಿಂತ ತಡವಾಗಿ ಆಸ್ಪತ್ರೆ ಮುಟ್ಟುತ್ತಾರೆ. ಹತ್ತು-ಹದಿನೈದು ವರ್ಷ ಶುಗರ್ ಇದ್ದವರಲ್ಲಿ ನರಗಳು ಮಂದವಾಗಿ ನೋವು ಸರಿಯಾಗಿ ತಿಳಿಯದಿರಬಹುದು. 75 ದಾಟಿದವರಲ್ಲಿ ತಲೆ ಸುತ್ತಿ ಬೀಳುವುದು, ದಿಢೀರ್ ಉಸಿರಾಟದ ತೊಂದರೆ, ಗೊಂದಲದ ಮಾತು ಇವೇ ಮೊದಲ ಸೂಚನೆ ಆಗಬಹುದು. ಈ ಮೂರೂ ಗುಂಪಿನವರಿಗೆ ನೋವು ಇರಲಿ ಬಿಡಲಿ, ಇಸಿಜಿ ಬೇಗ ಆಗಬೇಕು.

ಇಸಿಜಿ ನಾರ್ಮಲ್ ಬಂದಿದೆ. ಮನೆಗೆ ಹೋಗಬಹುದಲ್ಲ?

ಇಲ್ಲ. ದಯವಿಟ್ಟು ಹೋಗಬೇಡಿ.

ಇಸಿಜಿ ತೋರಿಸುವುದು ಕಾಗದ ಓಡಿದ ಆ ಹತ್ತು ಸೆಕೆಂಡುಗಳ ಹೃದಯವನ್ನು ಮಾತ್ರ. ರಕ್ತನಾಳದಲ್ಲಿ ಗಡ್ಡೆ ಕಟ್ಟುವುದು, ಸ್ವಲ್ಪ ಕರಗುವುದು, ಮತ್ತೆ ಕಟ್ಟುವುದು ತಾಸುಗಟ್ಟಲೆ ನಡೆಯುತ್ತದೆ. ನೋವು ಇಳಿದಿದ್ದ ಹೊತ್ತಿನಲ್ಲಿ ತೆಗೆದ ಇಸಿಜಿ ಸ್ವಚ್ಛವಾಗಿದ್ದು, ಅರ್ಧ ತಾಸಿನ ನಂತರ ನೋವು ಮರುಕಳಿಸಿದಾಗ ತೆಗೆದ ಇಸಿಜಿಯಲ್ಲಿ ಹೃದಯಾಘಾತ ಎದ್ದು ಕಾಣಬಹುದು. ಆದ್ದರಿಂದಲೇ ಸಂಶಯ ಇದ್ದಾಗ ಮೊದಲ ತಾಸಿನಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಇಸಿಜಿ ತೆಗೆಯುತ್ತೇವೆ. ಮೂರನೇ ಸಲ ಮಷೀನ್ ತಂದಾಗ "ಸುಮ್ಮ ಸುಮ್ಮನೆ ತೆಗಿಯಾಕತ್ತಾರ" ಎಂದು ಗೊಣಗುವವರಿದ್ದಾರೆ. ನಾವು ಹುಡುಕುವುದು ಮೊದಲ ಕಾಗದಕ್ಕೂ ಮೂರನೆಯದಕ್ಕೂ ಇರುವ ವ್ಯತ್ಯಾಸವನ್ನು.

ಇನ್ನೊಂದು ಸಂಗತಿ. ಮಾಮೂಲಿ ಇಸಿಜಿ ಹೃದಯವನ್ನು ಮುಂದಿನಿಂದ ನೋಡುತ್ತದೆ. ಹಿಂಭಾಗದ ಗೋಡೆಗೆ ಪೆಟ್ಟು ಬಿದ್ದಿದ್ದರೆ ಅದು ಕಾಣದೇ ಹೋಗಬಹುದು. ಆಗ ಬಟ್ಟಲುಗಳನ್ನು ಎಡ ಬೆನ್ನಿನ ಕಡೆಗೆ ಹಚ್ಚಿ ಮತ್ತೊಂದು ತೆಗೆಯುತ್ತೇವೆ. ಕೆಳಭಾಗದ ಹೃದಯಾಘಾತವಿದ್ದರೆ ಬಲ ಎದೆಗೂ ಹಚ್ಚಿ ನೋಡುತ್ತೇವೆ.

"ಕಡೀ ಬಸ್ ಹೋಗ್ತದ್ರೀ" ಎನ್ನುವ ಮಾತು ನನಗೆ ಅರ್ಥವಾಗುತ್ತದೆ. ದೇವದುರ್ಗ, ಮಸ್ಕಿ, ಸಿರವಾರದ ಹಳ್ಳಿಗಳಿಗೆ ರಾತ್ರಿ ಬಸ್ ತಪ್ಪಿದರೆ ಬೆಳಗಿನವರೆಗೆ ದಾರಿ ಇಲ್ಲ. ಮನೆಯಲ್ಲಿ ಎಮ್ಮೆ ಕಟ್ಟಿಹಾಕಿ ಬಂದಿರುತ್ತೀರಿ, ಮಕ್ಕಳನ್ನು ಬಿಟ್ಟು ಬಂದಿರುತ್ತೀರಿ. ಬಂದವರಲ್ಲಿ ಒಬ್ಬರು ಊರಿಗೆ ಹೋಗಲಿ. ರೋಗಿ ಮತ್ತು ಇನ್ನೊಬ್ಬರು ಇರಲಿ. ಎರಡನೇ ರಕ್ತಪರೀಕ್ಷೆ ಆಗುವ ತನಕ ಆ ಮಂಚ ನಿಮ್ಮದು.

ಟ್ರೋಪೋನಿನ್ ಎಂದರೇನು? ಒಂದು ಸಲ ರಕ್ತ ತೆಗೆದಿದ್ದೀರಿ, ಮತ್ತೆ ಯಾಕೆ?

ಟ್ರೋಪೋನಿನ್ ಹೃದಯದ ಸ್ನಾಯುವಿನೊಳಗೆ ಇರುವ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ಅದು ರಕ್ತಕ್ಕೆ ಸೇರುತ್ತದೆ. ಆದರೆ ಕೂಡಲೇ ಅಲ್ಲ. ಹಳೆಯ ಬಗೆಯ ಪರೀಕ್ಷೆಯಲ್ಲಿ ಅದು ಗೊತ್ತಾಗುವಷ್ಟು ಏರಲು 3ರಿಂದ 6 ತಾಸು ಬೇಕು. ಸಂಜೆ ಏಳಕ್ಕೆ ನೋವು ಶುರುವಾಗಿ ಎಂಟಕ್ಕೆ ರಕ್ತ ಕೊಟ್ಟರೆ, ಹೃದಯಾಘಾತ ಆಗಿದ್ದರೂ ರಿಪೋರ್ಟ್ "ನೆಗೆಟಿವ್" ಬರಬಹುದು. ಆ ನೆಗೆಟಿವ್ ಹಿಡಿದುಕೊಂಡು ಮನೆಗೆ ಹೋಗುವುದು ಎಲ್ಲಕ್ಕಿಂತ ಅಪಾಯದ ಕೆಲಸ.

ಎರಡನೇ ಸಲ ಯಾವಾಗ ಎನ್ನುವುದು ಲ್ಯಾಬಿನ ಮೇಲೆ ನಿಂತಿದೆ. ಹೈ ಸೆನ್ಸಿಟಿವ್ (ಅತಿ ಸಣ್ಣ ಏರಿಕೆಯನ್ನೂ ಹಿಡಿಯುವ) ಟ್ರೋಪೋನಿನ್ ಮಾಡುವ ಮಷೀನ್ ಇದ್ದಲ್ಲಿ 1ರಿಂದ 3 ತಾಸಿನಲ್ಲಿ ಮರುಪರೀಕ್ಷೆ ಮಾಡಬಹುದು. ಹಳೆಯ ಬಗೆಯ ಪರೀಕ್ಷೆ ಇದ್ದಲ್ಲಿ 3ರಿಂದ 6 ತಾಸು ಕಾಯಲೇಬೇಕು. ಒಂದು ಹನಿ ರಕ್ತ ಹಾಕಿ ಗೆರೆ ನೋಡುವ ಕಾರ್ಡ್ ಪರೀಕ್ಷೆ ಸಣ್ಣ ಏರಿಕೆಯನ್ನು ಹಿಡಿಯುವುದಿಲ್ಲ. ಅದರಲ್ಲಿ ಒಂದೇ ಗೆರೆ ಬಂತೆಂದು ನೆಮ್ಮದಿಯಾಗಿ ಇರುವಂತಿಲ್ಲ.

ಇನ್ನೊಂದು ಕಡೆಯಿಂದ ನೋಡಿದರೆ, ಏರಿದ ಟ್ರೋಪೋನಿನ್ ಎಲ್ಲವೂ ರಕ್ತನಾಳದ ತಡೆಯಿಂದಲೇ ಬಂದದ್ದಲ್ಲ. ಕಿಡ್ನಿ ತೊಂದರೆ, ಹೃದಯ ವೈಫಲ್ಯ, ತೀವ್ರ ಸೋಂಕು, ಹೃದಯ ಸ್ನಾಯುವಿನ ಉರಿಯೂತಗಳಲ್ಲೂ ಏರಿರುತ್ತದೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಲ್ಲಿ ಸದಾ ಸ್ವಲ್ಪ ಹೆಚ್ಚೇ ಇರುತ್ತದೆ. ಅವರಲ್ಲಿ ಮೊದಲ ಅಂಕಿಗೂ ಎರಡನೇ ಅಂಕಿಗೂ ಎಷ್ಟು ಫರಕು ಎನ್ನುವುದು ಮುಖ್ಯ.

ನೋವು ಶುರುವಾದ ಸಮಯವನ್ನು ಸರಿಯಾಗಿ ಹೇಳಿ. "ಮುಂಜಾನಿಯಿಂದ" ಎಂದರೆ ಸಾಲದು. ಹಾಲು ಹಿಂಡುವಾಗಲೋ, ರೊಟ್ಟಿ ಉಂಡ ಮೇಲೋ, ಕಾಲುವೆಗೆ ನೀರು ತಿರುಗಿಸಲು ಹೋದಾಗಲೋ ನೆನಪು ಮಾಡಿಕೊಂಡು ಹೇಳಿದರೆ ಸಮಯ ನಾವು ಲೆಕ್ಕ ಹಾಕಿಕೊಳ್ಳುತ್ತೇವೆ.

ಅಪಾಯ ಹೆಚ್ಚೋ ಕಡಿಮೆಯೋ ಎಂದು ಯಾವ ಲೆಕ್ಕದಲ್ಲಿ ಹೇಳುತ್ತೀರಿ?

ತುರ್ತು ವಿಭಾಗಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಹಾರ್ಟ್ ಸ್ಕೋರ್. ನೆದರ್ಲೆಂಡ್ಸ್‌ನ ವೈದ್ಯರು 2008ರಲ್ಲಿ ಪ್ರಕಟಿಸಿದ್ದು. ಐದು ಸಂಗತಿಗಳಿಗೆ ತಲಾ 0, 1 ಅಥವಾ 2 ಅಂಕ, ಒಟ್ಟು 10.

ಮೊದಲನೆಯದು ನೋವಿನ ಕಥೆ: ಹೃದಯದ ನೋವಿಗೆ ಹೊಂದದಿದ್ದರೆ 0, ಅರ್ಧಂಬರ್ಧ ಹೊಂದಿದರೆ 1, ಪೂರ್ತಿ ಹೊಂದಿದರೆ 2. ಎರಡನೆಯದು ಇಸಿಜಿ: ಸರಿ ಇದ್ದರೆ 0, ಖಚಿತವಲ್ಲದ ಸಣ್ಣ ಬದಲಾವಣೆಗೆ 1, ಎಸ್‌ಟಿ ಗೆರೆ (ಇಸಿಜಿಯಲ್ಲಿ ಪ್ರತಿ ಬಡಿತದ ನಡುವಿನ ಸಪಾಟು ಭಾಗ) ಸ್ಪಷ್ಟವಾಗಿ ತಗ್ಗಿದ್ದರೆ ಅಥವಾ ಏರಿದ್ದರೆ 2. ಮೂರನೆಯದು ವಯಸ್ಸು: 45ಕ್ಕಿಂತ ಕಡಿಮೆಗೆ 0, 45ರಿಂದ 64ಕ್ಕೆ 1, 65 ಮತ್ತು ಮೇಲ್ಪಟ್ಟು 2. ನಾಲ್ಕನೆಯದು ಅಪಾಯಕಾರಿ ಅಂಶಗಳು, ಅಂದರೆ ಶುಗರ್, ಬಿಪಿ, ಕೊಲೆಸ್ಟರಾಲ್, ಧೂಮಪಾನ, ಬೊಜ್ಜು, ಮನೆತನದಲ್ಲಿ ಹೃದಯ ಕಾಯಿಲೆ: ಒಂದೂ ಇಲ್ಲದಿದ್ದರೆ 0, ಒಂದೋ ಎರಡೋ ಇದ್ದರೆ 1, ಮೂರು ಅಥವಾ ಹೆಚ್ಚಿದ್ದರೆ 2. ಮೊದಲೇ ಹೃದಯಾಘಾತ, ಸ್ಟೆಂಟ್, ಪಾರ್ಶ್ವವಾಯು ಆಗಿದ್ದರೂ ನೇರವಾಗಿ 2. ಐದನೆಯದು ಟ್ರೋಪೋನಿನ್: ಮಿತಿಯೊಳಗೆ ಇದ್ದರೆ 0, ಮಿತಿಯ ಮೂರು ಪಟ್ಟಿನವರೆಗೆ 1, ಅದಕ್ಕೂ ಮೇಲೆ 2.

ಒಟ್ಟು 0-3 ಬಂದರೆ ಕಡಿಮೆ ಅಪಾಯ, 4-6 ಮಧ್ಯಮ, 7-10 ಹೆಚ್ಚು. ನೆದರ್ಲೆಂಡ್ಸ್‌ನ 10 ಆಸ್ಪತ್ರೆಗಳ ಸುಮಾರು 2,400 ರೋಗಿಗಳನ್ನು ಆರು ವಾರ ಗಮನಿಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಡಿಮೆ ಅಂಕದವರ ಪೈಕಿ ಶೇ. 1.7 ಜನರಿಗೆ, ಮಧ್ಯಮದವರ ಪೈಕಿ ಶೇ. 16.6 ಜನರಿಗೆ, ಹೆಚ್ಚಿನವರ ಪೈಕಿ ಶೇ. 50.1 ಜನರಿಗೆ ಹೃದಯಾಘಾತ, ಸಾವು ಅಥವಾ ಆಂಜಿಯೋಪ್ಲಾಸ್ಟಿ-ಬೈಪಾಸ್‌ನ ಅಗತ್ಯ ಕಂಡುಬಂತು.

ಒಂದು ಉದಾಹರಣೆ ಹಾಕಿ ನೋಡೋಣ. ಸಿಂಧನೂರಿನ ಎಪಿಎಂಸಿಯಲ್ಲಿ ಭತ್ತದ ಚೀಲ ಹೊರುವ 52 ವರ್ಷದ ಹಮಾಲರೊಬ್ಬರು ಎಂದಿಟ್ಟುಕೊಳ್ಳಿ. ಚೀಲ ಹೊತ್ತಾಗ ಎದೆ ಬಿಗಿದು ಎಡಗೈ ಸೆಳೆಯಿತು, ಬೆವರಿತು, ಕಟ್ಟೆಯ ಮೇಲೆ ಕೂತ ಮೇಲೆ ಇಳಿಯಿತು. ಶುಗರ್ ಇದೆ, ಬೀಡಿ ಸೇದುತ್ತಾರೆ. ಇಸಿಜಿ ನಾರ್ಮಲ್, ಟ್ರೋಪೋನಿನ್ ನಾರ್ಮಲ್. ಅಂಕ ಕೂಡಿಸಿ: ಕಥೆಗೆ 2, ಇಸಿಜಿಗೆ 0, ವಯಸ್ಸಿಗೆ 1, ಶುಗರ್ ಮತ್ತು ಬೀಡಿಗೆ 1, ಟ್ರೋಪೋನಿನ್‌ಗೆ 0. ಒಟ್ಟು 4. ಎರಡೂ ರಿಪೋರ್ಟ್ ನಾರ್ಮಲ್ ಇದ್ದರೂ ಇವರು ಮಧ್ಯಮ ಅಪಾಯದವರು, ಆಸ್ಪತ್ರೆಯಲ್ಲೇ ಇರಬೇಕಾದವರು. ಮನೆಯವರು ನೋಡುವುದು ರಿಪೋರ್ಟಿನ ಎರಡು ಸೊನ್ನೆಗಳನ್ನು. ಉಳಿದ ನಾಲ್ಕು ಅಂಕ ರೋಗಿಯ ಮಾತು, ವಯಸ್ಸು ಮತ್ತು ಅಭ್ಯಾಸಗಳಿಂದ ಬಂದವು. ಹಾಗಾಗಿಯೇ ನಾವು ಅಷ್ಟು ಪ್ರಶ್ನೆ ಕೇಳುವುದು. ಬೀಡಿ ಸೇದುವುದನ್ನು ಮಗನ ಮುಂದೆ ಹೇಳಲು ಮುಜುಗರವಾದರೆ ಅವನನ್ನು ಹೊರಗೆ ಕಳಿಸಿ ಹೇಳಿ, ಆದರೆ ಮುಚ್ಚಿಡಬೇಡಿ.

ಪರದೇಶದ ಲೆಕ್ಕ ನಮ್ಮ ಜನಕ್ಕೆ ಹೊಂದುತ್ತದೆಯೇ?

ಬಹುಮಟ್ಟಿಗೆ ಹೊಂದುತ್ತದೆ, ಆದರೆ ಎರಡು ಕಡೆ ನಾನು ಎಚ್ಚರ ವಹಿಸುತ್ತೇನೆ.

ಒಂದು, ವಯಸ್ಸು. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ ಆಗಿತ್ತು, ಉಳಿದ ದೇಶಗಳವರಿಗೆ 58-59ಕ್ಕೆ. ಐದಾರು ವರ್ಷ ಮೊದಲೇ. ಆದ್ದರಿಂದ 42 ವರ್ಷದವರಿಗೆ ವಯಸ್ಸಿನ ಅಂಕ ಸೊನ್ನೆ ಬಂತೆಂದು ನಾನು ನಿರಾಳವಾಗುವುದಿಲ್ಲ. ಪುನೀತ್ ರಾಜಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ 46. ಅದರ ನಂತರ ಮೂವತ್ತು-ನಲವತ್ತರ ಹರೆಯದವರು ಎದೆನೋವು ಬಂದ ಕೂಡಲೇ ಆಸ್ಪತ್ರೆಗೆ ಬರುವುದು ಹೆಚ್ಚಿತು, ಅದು ಒಳ್ಳೆಯದೇ.

ಎರಡು, ತಂಬಾಕು. ಆ ಪಟ್ಟಿಯಲ್ಲಿರುವುದು ಧೂಮಪಾನ. ನಮ್ಮಲ್ಲಿ ಗುಟಕಾ, ಸುಣ್ಣ-ತಂಬಾಕು ತಿಕ್ಕಿ ದವಡೆಗೆ ಇಟ್ಟುಕೊಳ್ಳುವುದು ಬೀಡಿ-ಸಿಗರೇಟಿಗಿಂತ ಕಡಿಮೆಯೇನಿಲ್ಲ. ಜಗಿಯುವ ತಂಬಾಕಿನಿಂದಲೂ ಹೃದಯಾಘಾತದ ಅಪಾಯ ಏರುತ್ತದೆ ಎಂದು ಅದೇ ಇಂಟರ್‌ಹಾರ್ಟ್ ತೋರಿಸಿದೆ. ಆದ್ದರಿಂದ ಗುಟಕಾ ಹಾಕುವವರನ್ನು ತಂಬಾಕಿನವರೆಂದೇ ಎಣಿಸಬೇಕು ಎನ್ನುವುದು ನನ್ನ ಅಭಿಪ್ರಾಯ. ಶುಗರ್, ಬಿಪಿ ವಿಷಯದಲ್ಲೂ ಹಾಗೆಯೇ: "ಏನೂ ಇಲ್ರೀ" ಎನ್ನುವವರಲ್ಲಿ ಬಹಳ ಮಂದಿ ಯಾವತ್ತೂ ಪರೀಕ್ಷೆ ಮಾಡಿಸಿರುವುದಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 280 ಇರುತ್ತದೆ.

ಎಲ್ಲರಿಗೂ ಈ ಅಂಕ ಹಾಕುತ್ತೀರಾ?

ಇಲ್ಲ. ಇಸಿಜಿಯಲ್ಲೇ ದೊಡ್ಡ ಹೃದಯಾಘಾತ ಸ್ಪಷ್ಟವಾಗಿ ಕಂಡರೆ, ಬಿಪಿ ಕುಸಿದಿದ್ದರೆ, ಉಸಿರಾಟ ಕಷ್ಟವಾಗಿದ್ದರೆ ಅಂಕ ಕೂಡಿಸುತ್ತ ಕೂರುವುದಿಲ್ಲ. ನೇರವಾಗಿ ಚಿಕಿತ್ಸೆ.

ಎದೆನೋವಿಗೆ ಹೃದಯವಲ್ಲದೆ ಬೇರೆ ಅಪಾಯದ ಕಾರಣಗಳಿವೆಯೇ?

ಇವೆ, ಮತ್ತು ಅವನ್ನು ಮರೆತರೆ ಅನಾಹುತ. ಮಹಾಧಮನಿಯ ಒಳಪದರ ಸೀಳುವುದು, ಶ್ವಾಸಕೋಶದ ರಕ್ತನಾಳಕ್ಕೆ ಗಡ್ಡೆ ಹೋಗಿ ಕೂರುವುದು, ಶ್ವಾಸಕೋಶ ತೂತಾಗಿ ಎದೆಯೊಳಗೆ ಗಾಳಿ ತುಂಬುವುದು ಇವು ಮುಖ್ಯ. ದಿಢೀರನೆ ಹರಿದಂತೆ ಶುರುವಾಗಿ ಬೆನ್ನಿಗೆ ಇಳಿದ ನೋವು ಎಂದರೆ ಎರಡೂ ಕೈಯ ಬಿಪಿ ನೋಡುತ್ತೇವೆ. ಧಮನಿ ಸೀಳಿದವರಿಗೆ ಗಡ್ಡೆ ಕರಗಿಸುವ ಔಷಧ ಕೊಟ್ಟರೆ ಜೀವಕ್ಕೇ ಎರವಾಗುತ್ತದೆ. ಹೆರಿಗೆಯಾಗಿ ಕೆಲವೇ ವಾರಗಳಾದವರು, ಕಾಲು ಮುರಿದು ತಿಂಗಳಿಂದ ಹಾಸಿಗೆ ಹಿಡಿದವರು ಎದೆನೋವು-ಉಸಿರುಗಟ್ಟು ಎಂದು ಬಂದರೆ ಕಾಲಿನ ಊತವನ್ನೂ ನೋಡುತ್ತೇವೆ.

ದೊಡ್ಡ ಹೃದಯಾಘಾತ ಎಂದು ಗೊತ್ತಾದರೆ ಇಲ್ಲೇ ಏನು ಮಾಡಲು ಸಾಧ್ಯ?

ಮುಚ್ಚಿದ ರಕ್ತನಾಳ ತೆರೆಯುವುದಕ್ಕೆ ಎರಡು ದಾರಿ. ಕ್ಯಾಥ್‌ಲ್ಯಾಬ್‌ಗೆ (ನಾಳದೊಳಗೆ ನಳಿಕೆ ತೂರಿಸಿ ಚಿಕಿತ್ಸೆ ಮಾಡುವ ಕೋಣೆ) ಒಯ್ದು ಬಲೂನು-ಸ್ಟೆಂಟ್ ಹಾಕುವುದು, ಅಂದರೆ ಆಂಜಿಯೋಪ್ಲಾಸ್ಟಿ, ಉತ್ತಮ ದಾರಿ, ಅದು 120 ನಿಮಿಷದೊಳಗೆ ಆಗುವಂತಿದ್ದರೆ. ಅಷ್ಟರಲ್ಲಿ ಮುಟ್ಟಲಾಗದಿದ್ದರೆ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಇಲ್ಲಿಯೇ ಕೊಟ್ಟು ಕಳಿಸುವುದು. ಲಿಂಗಸುಗೂರಿನಲ್ಲೋ ಮಾನ್ವಿಯಲ್ಲೋ ರಾತ್ರಿ ಎರಡಕ್ಕೆ ಬಂದ ರೋಗಿಗೆ ಆಂಬುಲೆನ್ಸ್ ಹತ್ತಿಸಿ, ದೊಡ್ಡ ಊರು ಮುಟ್ಟಿಸಿ, ಅಲ್ಲಿ ತಂಡ ಸೇರಿ ನಾಳ ತೆರೆಯುವಷ್ಟರಲ್ಲಿ ಎರಡು ತಾಸು ಮೀರುವ ಸಂಭವವೇ ಹೆಚ್ಚು. ಆಗ ಚುಚ್ಚುಮದ್ದೇ ಸರಿ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ ನಮ್ಮ ಕಣ್ಣ ಮುಂದೆ ಇದೆ: ಮೇಲೆ ಗೇಟು ಮುಚ್ಚಿದರೆ ಕೆಳಗಿನ ಭತ್ತ ಒಣಗುತ್ತದೆ, ತಡವಾಗಿ ನೀರು ಬಿಟ್ಟರೆ ಒಣಗಿದ್ದು ಮತ್ತೆ ಹಸಿರಾಗುವುದಿಲ್ಲ. ಹೃದಯದ ಸ್ನಾಯುವಿಗೂ ಅದೇ ಗತಿ. ಚುಚ್ಚುಮದ್ದಿನ ಲಾಭ ಮೊದಲ ಎರಡು-ಮೂರು ತಾಸಿನಲ್ಲಿ ಅತಿ ಹೆಚ್ಚು. 12 ತಾಸಿನವರೆಗೆ ಕೊಡಬಹುದು, ಆದರೆ ತಾಸು ಕಳೆದಂತೆ ಉಳಿಯುವ ಸ್ನಾಯು ಕಡಿಮೆ.

ಟೆನೆಕ್ಟಿಪ್ಲೇಸ್ ಎನ್ನುವ ಈ ಔಷಧ ದುಬಾರಿ. ರಾಜ್ಯ ಸರ್ಕಾರದ ಡಾ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಕೊಡಲಾಗುತ್ತದೆ. ಇಲ್ಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಹೋಗುತ್ತದೆ, ಅವರು ನೋಡಿ ಸಲಹೆ ಕೊಡುತ್ತಾರೆ. ನಮ್ಮಂಥ ತಾಲ್ಲೂಕು ಆಸ್ಪತ್ರೆಗಳಿಗೆ ಇದರಿಂದ ಬಂದ ಬಲ ದೊಡ್ಡದು ಎಂದು ನಾನು ಮನಸಾರೆ ಹೇಳುತ್ತೇನೆ.

ಚುಚ್ಚುಮದ್ದಿಗೆ ಮೊದಲು ನಾವು ಗಡಿಬಿಡಿಯಲ್ಲಿ ಪ್ರಶ್ನೆಗಳ ಮಳೆ ಸುರಿಸುತ್ತೇವೆ. ಮೆದುಳಿನಲ್ಲಿ ಯಾವಾಗಲಾದರೂ ರಕ್ತಸ್ರಾವ ಆಗಿತ್ತೇ? ಇತ್ತೀಚೆಗೆ ಲಕ್ವಾ ಹೊಡೆದಿತ್ತೇ? ತಲೆಗೆ ಪೆಟ್ಟು? ಆಪರೇಷನ್? ಕಪ್ಪು ಮಲ? ರಕ್ತ ತೆಳುವಾಗಿಸುವ ಗುಳಿಗೆ? ಈ ಔಷಧದಿಂದ ನೂರರಲ್ಲಿ ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು, ಆದ್ದರಿಂದ ಈ ಪ್ರಶ್ನೆಗಳು. ತೂಕವನ್ನೂ ಕೇಳುತ್ತೇವೆ, ಏಕೆಂದರೆ ಡೋಸ್ ತೂಕದ ಮೇಲೆ: 60 ಕೆ.ಜಿ.ಗಿಂತ ಕಡಿಮೆ ಇದ್ದವರಿಗೆ 30 ಮಿ.ಗ್ರಾಂ., 90 ಮತ್ತು ಮೇಲ್ಪಟ್ಟವರಿಗೆ 50. 75 ದಾಟಿದವರಿಗೆ ಅರ್ಧ ಡೋಸ್. ಸಹಿ ಮಾಡುವ ಮುನ್ನ ಊರಿನ ಹಿರಿಯರಿಗೆ, ಬೆಂಗಳೂರಿನಲ್ಲಿರುವ ಮಗನಿಗೆ ಫೋನ್ ಮಾಡಿ ಕೇಳಬೇಕು ಅನಿಸುವುದು ಸಹಜ. ಕೇಳಿ, ಆದರೆ ಐದು ನಿಮಿಷದಲ್ಲಿ ಮುಗಿಸಿ.

ಚುಚ್ಚುಮದ್ದು ಕೊಟ್ಟು ನೋವು ಹೋಗಿದೆ. ಇನ್ನು ದೊಡ್ಡ ಊರಿಗೆ ಯಾಕೆ?

ಔಷಧ ಗಡ್ಡೆಯನ್ನು ಕರಗಿಸುತ್ತದೆ, ನಾಳ ಕಿರಿದಾದ ಜಾಗ ಹಾಗೆಯೇ ಇರುತ್ತದೆ. 60ರಿಂದ 90 ನಿಮಿಷದ ನಂತರ ಮತ್ತೆ ಇಸಿಜಿ ನೋಡುತ್ತೇವೆ. ಏರಿದ್ದ ಗೆರೆ ಅರ್ಧದಷ್ಟೂ ಇಳಿದಿರದಿದ್ದರೆ ಔಷಧ ಕೆಲಸ ಮಾಡಿಲ್ಲ, ತಡಮಾಡದೆ ಆಂಜಿಯೋಪ್ಲಾಸ್ಟಿ ಆಗಬೇಕು. ಕೆಲಸ ಮಾಡಿದ್ದರೂ 2ರಿಂದ 24 ತಾಸಿನೊಳಗೆ ಆಂಜಿಯೋಗ್ರಾಂ (ಹೃದಯದ ನಾಳಗಳ ಚಿತ್ರ ತೆಗೆಯುವ ಪರೀಕ್ಷೆ) ಒಳ್ಳೆಯದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆ ಇದೆ. ಎಲ್ಲಿಗೆ ಹೋಗಬೇಕು ಎನ್ನುವುದನ್ನು ನಿಮ್ಮ ಊರಿಂದ ಯಾವುದು ಹತ್ತಿರ, ಎಲ್ಲಿ ಈಗ ಹಾಸಿಗೆ ಇದೆ ಎನ್ನುವುದರ ಮೇಲೆ ಕಳಿಸುವ ವೈದ್ಯರೇ ಫೋನಿನಲ್ಲಿ ಮಾತಾಡಿ ನಿಶ್ಚಯಿಸಲಿ. ನೀವೇ ಹುಡುಕಿಕೊಂಡು ಅಲೆಯಬೇಡಿ.

ಮಧ್ಯಮ ಅಪಾಯ ಎಂದು ಅಡ್ಮಿಟ್ ಮಾಡಿದರೆ ಮುಂದೇನು?

ಮಾನಿಟರ್ ಹಚ್ಚಿ ಗಮನಿಸುತ್ತೇವೆ, ಇಸಿಜಿ-ಟ್ರೋಪೋನಿನ್ ಪುನಃ ಮಾಡುತ್ತೇವೆ, ಎಕೋ (ಹೃದಯದ ಸ್ಕ್ಯಾನ್) ಸೌಲಭ್ಯ ಇದ್ದರೆ ಹೃದಯದ ಗೋಡೆಗಳ ಚಲನೆ ನೋಡುತ್ತೇವೆ. ಎಲ್ಲ ಸ್ಥಿರವಾಗಿದ್ದರೆ ಟ್ರೆಡ್‌ಮಿಲ್ ಪರೀಕ್ಷೆಯೋ, ಸಿಟಿ ಆಂಜಿಯೋವೋ, ನೇರ ಆಂಜಿಯೋಗ್ರಾಂ ಬೇಕೋ ಎಂದು ತಜ್ಞರು ಹೇಳುತ್ತಾರೆ. ನೋವು ಇರುವಾಗಲೇ ಟ್ರೆಡ್‌ಮಿಲ್ ಮೇಲೆ ಓಡಿಸುವುದು ಸಲ್ಲದು.

ಖರ್ಚಿನ ಮಾತು?

108 ಆಂಬುಲೆನ್ಸ್ ಉಚಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಆಧಾರ್ ಮತ್ತು ರೇಷನ್ ಕಾರ್ಡಿನ ಫೋಟೋ ಮನೆಯ ಎಲ್ಲರ ಫೋನಿನಲ್ಲೂ ಇರಲಿ.

ಮನೆಯಲ್ಲಿ ನೋವು ಶುರುವಾದರೆ ಆಸ್ಪತ್ರೆ ಮುಟ್ಟುವವರೆಗೆ ಏನು ಮಾಡಬೇಕು?

ಕೂಡಿಸಿ ಅಥವಾ ಒರಗಿಸಿ ಮಲಗಿಸಿ, ನಡೆಸಬೇಡಿ. 108ಕ್ಕೆ ಫೋನ್ ಮಾಡಿ, ಎದೆನೋವು ಎಂದು ಹೇಳಿ. ಆಸ್ಪಿರಿನ್ ಅಲರ್ಜಿ ಇಲ್ಲದವರು, ರಕ್ತಸ್ರಾವ ಅಥವಾ ಹೊಟ್ಟೆಹುಣ್ಣಿನ ತೊಂದರೆ ಇಲ್ಲದವರು 300 ಮಿ.ಗ್ರಾಂ. ಆಸ್ಪಿರಿನ್ ಅಗಿದು ನುಂಗಬಹುದು. ಅಗಿದರೆ ಬೇಗ ರಕ್ತ ಸೇರುತ್ತದೆ. ದಿಢೀರನೆ ಹರಿದಂತೆ ಶುರುವಾಗಿ ಬೆನ್ನಿಗೆ ಇಳಿದ ನೋವಾಗಿದ್ದರೆ ಮಾತ್ರ ವೈದ್ಯರು ನೋಡುವ ತನಕ ಅದನ್ನೂ ಕೊಡಬೇಡಿ. ಸಾರ್ಬಿಟ್ರೇಟ್ ಅನ್ನು ಮಾತ್ರ ವೈದ್ಯರು ಮೊದಲೇ ಬರೆದುಕೊಟ್ಟವರ ಹೊರತು ಯಾರೂ ಇಟ್ಟುಕೊಳ್ಳಬೇಡಿ. ಹೃದಯದ ಬಲಭಾಗಕ್ಕೆ ಪೆಟ್ಟಾಗಿದ್ದರೆ ಅದರಿಂದ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಲೈಂಗಿಕ ಶಕ್ತಿಯ ಗುಳಿಗೆ ತೆಗೆದುಕೊಂಡಿದ್ದವರಿಗೂ ಹಾಗೇ ಆಗುತ್ತದೆ. ಅಂಥ ಗುಳಿಗೆ ನುಂಗಿದ್ದರೆ ವೈದ್ಯರ ಕಿವಿಯಲ್ಲಾದರೂ ಹೇಳಿ.

ರೋಗಿಯನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂಡಿಸಿಕೊಂಡು ತರುವುದನ್ನು ವಾರಕ್ಕೆ ಹಲವು ಸಲ ನೋಡುತ್ತೇನೆ. ದಾರಿಯಲ್ಲಿ ಪ್ರಜ್ಞೆ ತಪ್ಪಿದರೆ ಏನೂ ಮಾಡಲಾಗುವುದಿಲ್ಲ. ಆಂಬುಲೆನ್ಸ್ ತಡವಾಗುವಂತಿದ್ದರೆ ಊರಿನ ಕಾರೋ ಟಂಟಂ ಗಾಡಿಯೋ ಹಿಡಿಯಿರಿ. ಉಸಿರು ನಿಂತರೆ ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಊರಿ, ಐದು ಸೆಂ.ಮೀ. ತಗ್ಗುವಷ್ಟು ಜೋರಾಗಿ, ನಿಮಿಷಕ್ಕೆ 100-120 ಸಲ ಒತ್ತುತ್ತಲೇ ಇರಿ. ದಣಿದರೆ ಇನ್ನೊಬ್ಬರು ಒತ್ತಲಿ.

ಊರಿನ ಡಾಕ್ಟರ ಬಳಿ ಒಂದು ಇಂಜೆಕ್ಷನ್, ಒಂದು ಗ್ಲುಕೋಸ್ ಹಾಕಿಸಿಕೊಂಡು "ನೋಡೋಣ" ಎಂದು ಕೂರುವುದರಲ್ಲಿ ಹೋಗುವ ತಾಸುಗಳ ಬಗ್ಗೆ ನನಗೆ ಅತೀವ ಸಂಕಟವಿದೆ. ಮುಟ್ಟಿದ ಮೊದಲ ಜಾಗದಲ್ಲಿ ಇಸಿಜಿ ಇಲ್ಲ ಎಂದಾದರೆ ಅಲ್ಲಿ ಕೂರಬೇಡಿ.

ಕಡಿಮೆ ಅಪಾಯ ಎಂದು ಮನೆಗೆ ಕಳಿಸಿದ್ದಾರೆ. ಮತ್ತೆ ನೋವು ಬಂದರೆ?

ಮತ್ತೆ ಬನ್ನಿ, ಅದೇ ರಾತ್ರಿಯಾದರೂ ಸರಿ. ಕಡಿಮೆ ಅಂಕದವರಲ್ಲೂ ತೊಂದರೆಗೆ ಸಿಕ್ಕುವವರು ನೂರರಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ ಎಂದು ಮೇಲೆ ಹೇಳಿದೆನಲ್ಲ. "ನಿನ್ನೆ ತಾನೇ ನೋಡಿ ಏನಿಲ್ಲ ಅಂದಾರ, ಮತ್ತ ಹೋದ್ರ ಬೈತಾರ" ಎಂದು ಹಿಂಜರಿಯಬೇಡಿ. ನೋವು 15-20 ನಿಮಿಷ ಬಿಡದೆ ಇದ್ದರೆ, ಬೆವರಿದರೆ, ಉಸಿರು ಕಟ್ಟಿದರೆ, ಮೊದಲಿಗಿಂತ ಕಡಿಮೆ ಕೆಲಸಕ್ಕೇ ಬರತೊಡಗಿದರೆ ಹೊರಡಿ. ನೋವು ಬರದಿದ್ದರೂ ಒಂದೆರಡು ವಾರದೊಳಗೆ ಫಿಜಿಷಿಯನ್ ಒಬ್ಬರಿಗೆ ತೋರಿಸಿ, ಶುಗರ್, ಬಿಪಿ, ಕೊಲೆಸ್ಟರಾಲ್ ಮಾಡಿಸಿ.

ಬರುವಾಗ ಏನು ತರಬೇಕು?

ನುಂಗುವ ಗುಳಿಗೆಗಳ ಚೀಟಿ, ಇಲ್ಲದಿದ್ದರೆ ಖಾಲಿ ಸ್ಟ್ರಿಪ್‌ಗಳು. ಮತ್ತು ಹಳೆಯ ಇಸಿಜಿ. ಇದೊಂದನ್ನು ಕೈಮುಗಿದು ಕೇಳುತ್ತೇನೆ. ಈಗಿನ ಗೆರೆಯಲ್ಲಿ ಕಾಣುವ ಬದಲಾವಣೆ ಹೊಸದೋ, ಐದು ವರ್ಷದಿಂದ ಇರುವುದೋ ಎನ್ನುವುದು ಹಳೆಯ ಕಾಗದ ಎದುರಿಗಿದ್ದರೆ ಅರೆ ನಿಮಿಷದಲ್ಲಿ ತಿಳಿಯುತ್ತದೆ. ಇಸಿಜಿ ಕಾಗದ ಶಾಖಕ್ಕೆ ಮಾಸುವಂಥದ್ದು, ನಮ್ಮ ಬೇಸಿಗೆಯಲ್ಲಿ ತಗಡಿನ ಪೆಟ್ಟಿಗೆಯೊಳಗೆ ಇಟ್ಟರೆ ಒಂದೆರಡು ವರ್ಷದಲ್ಲಿ ಗೆರೆ ಅಳಿಸಿಯೇ ಹೋಗಿರುತ್ತದೆ. ತೆಗೆದ ದಿನವೇ ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ, ಹೆಸರು ಮತ್ತು ತಾರೀಖು ಬರೆದಿಡಿ.